ಪಾಸಮ್‌ಗೆಂದು ಟಿಕೆಟ್ ಕೊಂಡು ಪತಂಗ ನೋಡಿ ಬಂದೆವು

ಬೆಟ್ಟದ ಮೇಲೆ ಕಾಡುಪ್ರಾಣಿ ನೋಡುವ ಒಂದು ದಿನದ ನಡಿಗೆಗೆ ತಲೆಗೆ 95 ಡಾಲರ್, ಮಕ್ಕಳಿಗೆ 60. ಮೆಲ್ಬರ್ನಿನ ಮಗಳ ಮನೆಗೆ ಬಂದು ನಾಲ್ಕು ತಿಂಗಳಾದರೂ ಡಾಲರನ್ನು ರೂಪಾಯಿಗೆ ಗುಣಿಸುವ ಚಾಳಿ ನನ್ನನ್ನು ಬಿಟ್ಟಿಲ್ಲ. ಗುಣಿಸಿದ್ದನ್ನು ಮತ್ತೆ ರೇಷ್ಮೆಗೂಡಿನ ದರದಿಂದ ಭಾಗಿಸುವ ಇನ್ನೊಂದು ಚಾಳಿಯೂ ಇದೆ. ಒಬ್ಬರ ಟಿಕೆಟ್ಟಿನ ದುಡ್ಡಿಗೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಏಳೆಂಟು ಕಿಲೋ ಒಳ್ಳೆಯ ಗೂಡು ಬರುತ್ತದೆ. ನಾವು ನಾಲ್ಕು ಜನ. ಅಳಿಯ ಮೊಬೈಲಿನಲ್ಲೇ ಹಣ ಕಟ್ಟಿ, "ಮಾವ, ನೀವು ಲೆಕ್ಕ ಹಾಕಬೇಡಿ" ಎಂದರು. ಅಷ್ಟರಲ್ಲಿ ನನ್ನ ಲೆಕ್ಕ ಮುಗಿದಿತ್ತು.

ನಾನು ರೇಷ್ಮೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಹಳ್ಳಿಹಳ್ಳಿ ಸುತ್ತಿ ಹುಳು ಮನೆಗಳನ್ನು ನೋಡಿ ವರದಿ ಬರೆಯುತ್ತಿದ್ದೆ. ವರದಿ ಬರೆಯದೆ ಯಾವುದನ್ನೂ ನೋಡಲು ನನಗೆ ಬರುವುದಿಲ್ಲ. ಇದನ್ನೂ ಹಾಗೆಯೇ ಓದಿಕೊಳ್ಳಿ. ನಡಿಗೆ ಏರ್ಪಡಿಸಿದ ಕಂಪನಿಯ ಹೆಸರು ಬರೆಯಬಾರದೆಂದು ಮಗಳ ಕಟ್ಟಪ್ಪಣೆಯಾಗಿದೆ. ಬೆಟ್ಟದ ಮೇಲೆ ಇಂಥ ನಡಿಗೆ ನಡೆಸುವವರು ಬೆರಳೆಣಿಕೆಯವರು. ಹೋಗುವವರು ವಿಚಾರಿಸಿದರೆ ತಾನಾಗಿ ತಿಳಿಯುತ್ತದೆ.

ಅವರ ಕರಪತ್ರದಿಂದಲೇ ಆರಂಭಿಸುತ್ತೇನೆ. ಮುಕ್ಕಾಲು ಪುಟ ತುಂಬ ಪಾಸಮ್ ಎಂಬ, ಹೊಟ್ಟೆಚೀಲದಲ್ಲಿ ಮರಿ ಸಾಕುವ ಪುಟ್ಟ ಪ್ರಾಣಿಯ ಚಿತ್ರ. ಇಲಿಗಿಂತ ಮುದ್ದು, ಅಳಿಲಿಗಿಂತ ದುಂಡು, ಮೆಣಸಿನ ಕಾಳಿನಂತೆ ಉಬ್ಬಿದ ಕಪ್ಪು ಕಣ್ಣು. ಮುಂಗಾಲುಗಳಲ್ಲಿ ಏನನ್ನೋ ಹಿಡಿದುಕೊಂಡು ತಿನ್ನುತ್ತಿದೆ. ಕನ್ನಡಕ ಹಾಕಿಕೊಂಡು ನೋಡಿದಾಗಲೇ ಅದು ತಿನ್ನುತ್ತಿರುವುದು ಪತಂಗವೆಂದು ತಿಳಿದದ್ದು. ಒಂದು ರೆಕ್ಕೆ ಮಾತ್ರ ಹೊರಗಿತ್ತು. ಬೆಟ್ಟದ ಕುಬ್ಜ ಪಾಸಮ್ ಮತ್ತು ಬೋಗಾಂಗ್ ಪತಂಗ, ಇಬ್ಬರನ್ನೂ ಅವರ ಮನೆಯಲ್ಲೇ ಭೇಟಿಯಾಗಿ ಎಂಬುದು ಕರಪತ್ರದ ಮಾತು. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಪ್ರಾಣಿಗಳು ಕಾಣುತ್ತವೆಂಬ ಭರವಸೆ ಕೊಡಲಾಗದು ಎಂದೂ ಇತ್ತು. ಅದನ್ನು ಓದಿದ್ದು ಒಂಬತ್ತು ವರ್ಷದ ಮೊಮ್ಮಗಳೊಬ್ಬಳೇ. "ತಾತ, ಕಾಣದಿದ್ದರೆ ದುಡ್ಡು ವಾಪಸ್ ಕೊಡುತ್ತಾರಾ?" ಎಂದು ಕೇಳಿದಳು. ನಮ್ಮ ವಂಶದ ಕುಡಿಯೇ ಸರಿ.

ಜನವರಿಯ ಎರಡನೇ ವಾರ, ಇಲ್ಲಿನ ನಡುಬೇಸಿಗೆ. ಮೆಲ್ಬರ್ನಿನಿಂದ ಮೌಂಟ್ ಹೋತಮ್‌ಗೆ ಕಾರಿನಲ್ಲಿ ನಾಲ್ಕೂವರೆ ಗಂಟೆಯ ದಾರಿ. ಹಿಂದಿನ ರಾತ್ರಿ ಬೆಟ್ಟದ ಬುಡದ ಬ್ರೈಟ್ ಎಂಬ ಊರಿನಲ್ಲಿ ಉಳಿದಿದ್ದೆವು. ಕಂಪನಿಯ ವ್ಯಾನು ಬೆಳಗ್ಗೆ ಎಂಟಕ್ಕೆ ಬರಬೇಕಾದದ್ದು ಎಂಟೂ ನಲವತ್ತಕ್ಕೆ ಬಂತು. ತಡವಾದದ್ದಕ್ಕಿಂತ, ತಡವಾಯಿತು ಎಂದು ಚಾಲಕ ಒಂದು ಮಾತೂ ಆಡದಿದ್ದದ್ದು ನನ್ನನ್ನು ಕೆಣಕಿತು. ಹ್ಯಾರಿಯಟ್‌ವಿಲ್ ದಾಟಿದ ಮೇಲೆ ರಸ್ತೆ ಹಾವಿನಂತೆ ಸುತ್ತುತ್ತ ಏರುತ್ತದೆ. ಎರಡೂ ಕಡೆ ಬೆಳ್ಳಗೆ ಒಣಗಿ ನಿಂತ ಮರಗಳು, ಎಲೆಯಿಲ್ಲ, ತೊಗಟೆಯಿಲ್ಲ. 2003ರ ಕಾಡ್ಗಿಚ್ಚಿನಲ್ಲಿ ಸುಟ್ಟ ನೀಲಗಿರಿ ಜಾತಿಯ ಮರಗಳಂತೆ. ಬುಡದಲ್ಲಿ ಮಾತ್ರ ಹೊಸ ಚಿಗುರು ಪೊದೆಯಾಗಿ ನಿಂತಿದೆ.

ಮೇಲೆ ಗಾಳಿ. 1,800 ಮೀಟರಿಗೂ ಮೇಲೆ, ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ಕಡಿಮೆ ಎತ್ತರ. ಆದರೆ ಮುಳ್ಳಯ್ಯನಗಿರಿಯಲ್ಲಿ ಚಳಿಗಾಲಕ್ಕೆ ಆಳೆತ್ತರ ಹಿಮ ಬೀಳುವುದಿಲ್ಲ. ಇಲ್ಲಿ ಬೀಳುತ್ತದೆ. ಜನ ಸ್ಕೀ ಆಡಲು ಬರುತ್ತಾರೆ. ಬೇಸಿಗೆಯಲ್ಲಿ ಆ ಸ್ಕೀ ಊರು ಜಾತ್ರೆ ಮುಗಿದ ಮೈದಾನದಂತೆ ಬಿಕೋ ಎನ್ನುತ್ತಿತ್ತು.

ನಮ್ಮ ಮಾರ್ಗದರ್ಶಿ ಪ್ರಾಣಿಶಾಸ್ತ್ರ ಓದಿದ ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ. ಈ ವರದಿಯಲ್ಲಿ ಪೂರ್ತಿ ಅಂಕ ಸಿಗುವುದು ಆಕೆಗೆ. ವ್ಯಾನಿನಿಂದ ಇಳಿಯುತ್ತಿದ್ದಂತೆ ಮೊದಲು ಹೇಳಿದ್ದೇ ಸತ್ಯ: "ಇವತ್ತು ನೀವು ಪಾಸಮ್ ನೋಡುವುದಿಲ್ಲ. ಅದು ನಿಶಾಚರ. ಹಗಲಿನಲ್ಲಿ ಈ ಬಂಡೆಗಳ ಕೆಳಗೆ ಮಲಗಿರುತ್ತದೆ. ನಾವು ಅದರ ಚಾವಣಿಯ ಮೇಲೆ ನಡೆಯುವುದೂ ಇಲ್ಲ." ಹನ್ನೊಂದು ಜನರ ಗುಂಪಿನಲ್ಲಿ ಮೂರ್ನಾಲ್ಕು ಮುಖಗಳು ಜೋತುಬಿದ್ದವು. ಈ ಮಾತನ್ನು ಕರಪತ್ರದಲ್ಲಿ ದೊಡ್ಡಕ್ಷರದಲ್ಲಿ ಹಾಕಿದ್ದರೆ ಅಷ್ಟು ಜನರೂ ಬರುತ್ತಿರಲಿಲ್ಲವೋ ಏನೋ.

ರಸ್ತೆಯ ಮೇಲ್ಬದಿಗೆ ಬೆಟ್ಟದ ಮೈತುಂಬ ಬಂಡೆಗಳ ರಾಶಿ. ಯಾರೋ ಲಾರಿಗಟ್ಟಲೆ ತಂದು ಸುರಿದ ಹಾಗೆ, ಕುಕ್ಕೆಯಷ್ಟು, ಎತ್ತಿನ ಗಾಡಿಯಷ್ಟು, ಕೆಲವು ಒಂದು ಕೋಣೆಯಷ್ಟು. ಸಂದುಗಳಲ್ಲಿ ಪ್ಲಮ್ ಪೈನ್ ಎಂಬ ಕುರುಚಲು ಗಿಡ ನೆಲಕ್ಕಂಟಿಕೊಂಡು ಹಬ್ಬಿದೆ. ಪಾಸಮ್ಮಿನ ಊರು ಇದೇ. ಆಸ್ಟ್ರೇಲಿಯದ ಸಸ್ತನಿಗಳಲ್ಲಿ ಹಿಮ ಬೀಳುವ ಇಷ್ಟು ಎತ್ತರವನ್ನೇ ನಂಬಿ ಬದುಕುವುದು ಇದೊಂದೇ. ಇಡೀ ಭೂಮಿಯ ಮೇಲೆ ಅದಕ್ಕಿರುವುದು ಮೂರೇ ನೆಲೆ: ಕೊಸಿಯಸ್ಕೊ ಪರ್ವತದ ಸುತ್ತ, ಹೋತಮ್ ಮತ್ತು ಬೋಗಾಂಗ್ ಪ್ರಸ್ಥಭೂಮಿಯ ಸುತ್ತ, ಮತ್ತೆ ಮೌಂಟ್ ಬುಲ್ಲರ್. ಒಂದು ನೆಲೆಯದು ಇನ್ನೊಂದಕ್ಕೆ ತಾನಾಗಿ ಹೋಗಲಾರದು. ಚಳಿಗಾಲದಲ್ಲಿ ಐದರಿಂದ ಏಳು ತಿಂಗಳು ಹಿಮದ ಹೊದಿಕೆಯ ಕೆಳಗೆ ಮುದುಡಿ ಮಲಗುತ್ತದೆ. ಮೈಯ ಬಿಸಿ ಎರಡು ಡಿಗ್ರಿಯವರೆಗೂ ಇಳಿಯುತ್ತದೆ. ನಡುನಡುವೆ ಎದ್ದು, ಕೂಡಿಟ್ಟ ಬೀಜವನ್ನು ಒಂದಿಷ್ಟು ಕಡಿದು, ಮತ್ತೆ ಮಲಗುತ್ತದೆ. ಹಿಮ ಅದಕ್ಕೆ ಕಂಬಳಿ. ಹಿಮ ತೆಳುವಾದ ವರ್ಷ ಚಳಿ ನೇರ ಬಂಡೆಯೊಳಗೆ ಇಳಿದು ನಿದ್ದೆ ಕೆಡಿಸುತ್ತದೆ. ನಿದ್ದೆ ಕೆಟ್ಟಷ್ಟೂ ಮೈಯಲ್ಲಿನ ಕೊಬ್ಬು ಕರಗುತ್ತದೆ.

ಈ ಪ್ರಾಣಿ ಜನಕ್ಕೆ ಪರಿಚಯವಾದ ಬಗೆ ನನಗೆ ಬಹಳ ಹಿಡಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಾಬರ್ಟ್ ಬ್ರೂಮ್ ಎಂಬ ವೈದ್ಯರಿಗೆ ನ್ಯೂ ಸೌತ್ ವೇಲ್ಸಿನ ವೊಂಬಿಯನ್ ಗುಹೆಗಳ ಹತ್ತಿರ ಒಂದಿಷ್ಟು ಪಳೆಯುಳಿಕೆ ಸಿಕ್ಕವು. ಚಿಕ್ಕ ದವಡೆ, ಅದರಲ್ಲಿ ಗರಗಸದಂತೆ ಗೀರುಗೀರಾದ ಒಂದು ದೊಡ್ಡ ಹಲ್ಲು. ಹೆಸರಿಟ್ಟರು, ಅಳಿದುಹೋದ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಎಪ್ಪತ್ತು ವರ್ಷ ಅದು ಆ ಪಟ್ಟಿಯಲ್ಲೇ ಇತ್ತು. 1966ರಲ್ಲಿ ಇದೇ ಹೋತಮ್ ಬೆಟ್ಟದ ಒಂದು ಸ್ಕೀ ತಂಗುಮನೆಯೊಳಗೆ ಇಲಿಯಂಥದ್ದೊಂದು ಸಿಕ್ಕಿತು. ಬಲ್ಲವರ ಕೈಗೆ ತಲುಪಿದಾಗ ಅದೇ ಹಲ್ಲು! ಪೆನ್ಷನ್ ಕಚೇರಿಯ ದಾಖಲೆಯಲ್ಲಿ ಮೃತ ಎಂದು ಬರೆದಿದ್ದವನು ಎದುರಿಗೆ ಬಂದು ಕುರ್ಚಿ ಎಳೆದು ಕುಳಿತಂತೆ. ಅಂಥ ಒಂದು ಪ್ರಕರಣವನ್ನು ನಾನೇ ಕಂಡಿದ್ದೇನೆ. ಅವರು ಬದುಕಿದ್ದಾರೆಂದು ಸಾಬೀತಾಗಲು ಪಾಸಮ್‌ಗಿಂತ ಹೆಚ್ಚು ಕಾಗದ ಬೇಕಾಯಿತು.

ಮುಂದೆ ರಸ್ತೆಯಡಿಯ ಸುರಂಗ. ಹೆಣ್ಣು ಪಾಸಮ್‌ಗಳು ಮೇಲಿನ ಒಳ್ಳೆಯ ಬಂಡೆ ನೆಲದಲ್ಲೇ ನೆಲೆಸುತ್ತವೆ. ಗಂಡುಗಳು ಕೂಡುವ ಕಾಲಕ್ಕೆ ಮೇಲೆ ಬಂದು, ಬಳಿಕ ಕೆಳಗಿಳಿಯಬೇಕು. ಸ್ಕೀ ಊರಿಗೆಂದು ರಸ್ತೆ, ಕಟ್ಟಡ ಬಂದ ಮೇಲೆ ಆ ದಾರಿ ತುಂಡಾಯಿತು. ಗಂಡುಗಳು ಮೇಲೆಯೇ ಉಳಿದು ಹೆಣ್ಣುಗಳ ಪಾಲಿನ ಜಾಗ ಮತ್ತು ಅನ್ನಕ್ಕೆ ಪೈಪೋಟಿಗೆ ನಿಂತವು. ಹೆಣ್ಣುಗಳು ಚಳಿಗಾಲ ದಾಟದೆ ಸತ್ತವು. 1985ರಲ್ಲಿ ರಸ್ತೆಯ ಕೆಳಗೆ ಕಲ್ಲು ತುಂಬಿದ ಸುರಂಗ ಮಾಡಿಕೊಟ್ಟರು. ಪ್ರೇಮ ಸುರಂಗವೆಂದು ಅದಕ್ಕೆ ಹೆಸರು. ನಿಜವಾಗಿ ಅದು ಗಂಡಸರನ್ನು ಮನೆಯಿಂದ ಹೊರಗೆ ಕಳುಹಿಸುವ ಸುರಂಗ ಎಂದು ಮಗಳು ನಕ್ಕಳು. ಅಳಿಯ ನಗಲಿಲ್ಲ. ನಾನು ಬಗ್ಗಿ ಬಾಯಿ ನೋಡಿದೆ. ಪೇರಿಸಿದ ಕಲ್ಲು, ಕತ್ತಲೆ, ಅಷ್ಟೇ. ಆದರೆ ಕೆಲಸ ಮಾಡುತ್ತದೆ. ಮಾಡಿದ ಮೇಲೆ ಎಣಿಸಿ ನೋಡಿದ್ದಾರೆ, ಹೆಣ್ಣುಗಳ ಉಳಿವು ಹೆಚ್ಚಿದೆ. ಕಟ್ಟಿದ ಮೇಲೆ ಹೋಗಿ ಎಣಿಸಿದ ಒಂದು ಕಾಮಗಾರಿಯನ್ನು ನನ್ನ ಸೇವಾವಧಿಯಲ್ಲಿ ನೆನಪಿಸಿಕೊಳ್ಳಲು ನೋಡಿದೆ. ಹೆಚ್ಚು ಹೊತ್ತು ನೋಡಲಿಲ್ಲ.

ಅಲ್ಲೇ ಗಾಳಿಗೆ ಮರೆಯಾಗಿ ಕುಳಿತು ಊಟ. ಸಸ್ಯಾಹಾರಿ ಎಂದು ಹೆಸರು ಬರೆದ ಪೊಟ್ಟಣದಲ್ಲಿ ಎರಡು ತಣ್ಣನೆಯ ಬ್ರೆಡ್ಡು, ನಡುವೆ ಒಂದು ಸೊಪ್ಪಿನೆಲೆ, ಮೇಣದಂಥ ಚೀಸು. ಇದಕ್ಕೂ ಸೇರಿಸಿಯೇ 95 ಡಾಲರ್. ಮಗಳು ಚಪಾತಿ, ಕಡಲೆಕಾಯಿ ಚಟ್ನಿಪುಡಿ ಕಟ್ಟಿ ತಂದಿದ್ದರಿಂದ ನಾನು ಇಂದು ಸಮಾಧಾನದಿಂದ ಬರೆಯುತ್ತಿದ್ದೇನೆ.

ಊಟದ ಹೊತ್ತಿನಲ್ಲಿ ಮಾರ್ಗದರ್ಶಿ ಚೀಲದಿಂದ ಪಾಸಮ್ಮಿನ ಒಂದು ಮಾದರಿ ತೆಗೆದು ಎಲ್ಲರ ಕೈಗೆ ಕೊಟ್ಟಳು. ರಾಳದಲ್ಲಿ ಎರಕ ಹೊಯ್ದು, ಒಳಗೆ ಸೀಸವಿಟ್ಟು ತೂಕ ಸರಿಮಾಡಿದ್ದು, 45 ಗ್ರಾಂ. ಒಂದು ನಿಂಬೆಹಣ್ಣಿನ ಭಾರ. ಮೈ ಒಂದು ಗೇಣೂ ಇಲ್ಲ, ಬಾಲ ಮೈಗಿಂತ ಉದ್ದ. ಚಳಿಗಾಲದ ಮೊದಲು ತಿಂದುತಿಂದು ಇದು 80 ಗ್ರಾಂವರೆಗೂ ಉಬ್ಬುತ್ತದಂತೆ. ನನ್ನ ಸರದಿ ಬಂದಾಗ ಅಂಗೈಯಲ್ಲಿ ತೂಗಿ ನೋಡುತ್ತಿದ್ದೆ. ಗೂಡು ತೂಗಿ ತೂಗಿ ಕೈಗೆ ತೂಕ ತಿಳಿಯುತ್ತದೆ. ಆಗ ಮೊಮ್ಮಗಳು ಕಾಲುದಾರಿಯಿಂದ ಏನನ್ನೋ ಹೆಕ್ಕಿ ತಂದು ನನ್ನ ಇನ್ನೊಂದು ಅಂಗೈಗೆ ಹಾಕಿದಳು. ಸತ್ತ ಪತಂಗ. ಕಂದು ಬೂದು ಬಣ್ಣ, ಮುಚ್ಚಿದ ರೆಕ್ಕೆ ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ. ರೆಕ್ಕೆಯ ಮೇಲೆ ಮಸಿ ಎಳೆದಂಥ ಪಟ್ಟಿ, ಪಟ್ಟಿಯ ನಡುವೆ ಎರಡು ತಿಳಿ ಚುಕ್ಕೆ. ಅಂಗೈಗೆ ಅದು ಬಂದದ್ದೇ ತಿಳಿಯಲಿಲ್ಲ. ಮೂರು ಸೇರಿದರೂ ಒಂದು ಗ್ರಾಂ ಆಗದು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಏನೂ ಇಲ್ಲ.

ಆ ಏನೂ ಇಲ್ಲದ್ದು ಎಲ್ಲಿಂದ ಬಂದಿತ್ತು ಎಂಬುದನ್ನು ಕೇಳಿದ ಮೇಲೆ ನಾನು ಪಾಸಮ್ಮಿನ ಮಾದರಿಯನ್ನು ಪಕ್ಕದವರಿಗೆ ದಾಟಿಸಿಬಿಟ್ಟೆ.

ದಕ್ಷಿಣ ಕ್ವೀನ್ಸ್‌ಲ್ಯಾಂಡ್, ಉತ್ತರ ಮತ್ತು ಪಶ್ಚಿಮ ನ್ಯೂ ಸೌತ್ ವೇಲ್ಸಿನ ಬಯಲುಗಳಲ್ಲಿ ಚಳಿಗಾಲದಲ್ಲಿ ಹುಳುವಾಗಿ ಬೆಳೆದು, ಮಣ್ಣಿನೊಳಗೆ ಕೋಶಕಟ್ಟಿ, ವಸಂತದಲ್ಲಿ ಪತಂಗವಾಗಿ ಹೊರಬಂದು, ಬಯಲಿನ ಬಿಸಿಲು ಏರುವ ಮೊದಲೇ ರಾತ್ರಿಗಳಲ್ಲಿ ಹಾರುತ್ತ 1,000 ಕಿಲೋಮೀಟರಿನವರೆಗೂ ದೂರವಿರುವ ಈ ಬೆಟ್ಟಗಳಿಗೆ ಬರುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ಇರುವಷ್ಟು. ಬೇಸಿಗೆಯಿಡೀ ಬಂಡೆ ಸಂದಿನ ತಂಪಿನಲ್ಲಿ ಸುಮ್ಮನೆ ಕುಳಿತಿದ್ದು, ಶರತ್ತಿನಲ್ಲಿ ಅಷ್ಟೇ ದೂರ ಹಿಂದಿರುಗಿ, ಹುಟ್ಟಿದ ಬಯಲಿನಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ. ಜೊತೆಗೆ ಅಪ್ಪ ಅಮ್ಮ ಇಲ್ಲ, ಹಿಂದೆ ಒಮ್ಮೆ ಬಂದ ಅನುಭವ ಇಲ್ಲ. ಹಾಗಾದರೆ ದಾರಿ ಹೇಗೆ? ಭೂಮಿಯ ಕಾಂತಕ್ಷೇತ್ರವನ್ನು ಅದು ಗ್ರಹಿಸುತ್ತದೆ ಎಂದು 2018ರಲ್ಲಿ ತೋರಿಸಿದರು. ನಕ್ಷತ್ರ ತುಂಬಿದ ಆಕಾಶವನ್ನು ನೋಡಿಯೂ ದಿಕ್ಕು ಹಿಡಿಯುತ್ತದೆ ಎಂಬುದು 2025ರಲ್ಲಿ ಪ್ರಕಟವಾಯಿತು. ಮಿದುಳು ಅಕ್ಕಿಕಾಳಿಗಿಂತ ಚಿಕ್ಕದು.

ನನಗೆ ಇದು ಯಾಕೆ ಇಷ್ಟು ನಾಟಿತು ಎಂಬುದನ್ನು ಹೇಳಬೇಕು. ನಮ್ಮ ಇಲಾಖೆಯಲ್ಲಿ ಯಾರೂ ಪತಂಗ ಎನ್ನುವುದಿಲ್ಲ, ಚಿಟ್ಟೆ ಎಂದೇ ರೂಢಿ. ನನ್ನ ಕೈಯಲ್ಲಿ ಎಷ್ಟು ಲಕ್ಷ ಚಿಟ್ಟೆ ಹಾದುಹೋಗಿವೆಯೋ ಲೆಕ್ಕವಿಲ್ಲ. ರೇಷ್ಮೆ ಚಿಟ್ಟೆ ಹಾರುವುದಿಲ್ಲ. ಸಾವಿರಾರು ವರ್ಷ ಮನುಷ್ಯ ಸಾಕಿ ಸಾಕಿ ಅದರ ರೆಕ್ಕೆಯ ಶಕ್ತಿ ಹೋಗಿದೆ. ತಿನ್ನುವುದೂ ಇಲ್ಲ. ಗೂಡಿನಿಂದ ಹೊರಬಂದರೆ ಇದ್ದ ಜಾಗದಲ್ಲೇ ರೆಕ್ಕೆ ಬಡಿಯುತ್ತ ಒಂದು ಸುತ್ತು ಸುತ್ತುತ್ತದೆ, ಅಷ್ಟೇ. ಜೋಡಿ ಮಾಡಿಸಿ, ಮೊಟ್ಟೆ ಇಡಿಸಿ, ಆಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ಇಟ್ಟು, ತಾಯಿಯಿಂದ ಮೊಟ್ಟೆಗೂ ಅಂಟುವ ಪೆಬ್ರಿನ್ ರೋಗವಿದೆಯೇ ಎಂದು ನೋಡುವುದು ಕ್ರಮ. ರೋಗವಿದ್ದರೆ ಮೊಟ್ಟೆಯನ್ನೂ ಸುಡುತ್ತೇವೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಆ ಪರೀಕ್ಷೆ ಇಲ್ಲದಿದ್ದರೆ ರೈತ ಮುಳುಗುತ್ತಾನೆ. ಆದರೆ ಚಿಟ್ಟೆ ಎಂದರೆ ಎತ್ತಿಟ್ಟಲ್ಲಿ ಇರುವ ವಸ್ತು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅದೇ ಗಾತ್ರದ, ಅದೇ ಬಗೆಯ ಜೀವವೊಂದು ನಕ್ಷತ್ರ ನೋಡಿಕೊಂಡು ಬೆಂಗಳೂರಿನಿಂದ ಮುಂಬಯಿಗೆ ಹೋಗಿಬರುತ್ತದೆ ಎಂದರೆ!

ಊಟದ ನಂತರ ಮುಕ್ಕಾಲು ಗಂಟೆ ಏರಿದ ಮೇಲೆ ಒಂದು ದೊಡ್ಡ ಬಂಡೆ. ನಡುವೆ ಕೈ ತೂರುವಷ್ಟು ಸೀಳು, ಒಳಗೆ ಕತ್ತಲೆ. ಒಬ್ಬೊಬ್ಬರಾಗಿ ಬರಬೇಕು, ಬೆರಳು ಒಳಗೆ ಹಾಕಬಾರದು, ಮೊಬೈಲಿನ ಬೆಳಕು ಬಿಡಬಾರದು. ಆಕೆ ಮಂದ ಕೆಂಪು ಬೆಳಕಿನ ಟಾರ್ಚನ್ನು ಓರೆಯಾಗಿ ಹಿಡಿದಳು. ಮೊದಲು ನನಗೆ ಕಲ್ಲೇ ಕಂಡಿತು. ಆಮೇಲೆ ಆ ಕಲ್ಲಿನ ಮೈ ಮಂಗಳೂರು ಹೆಂಚು ಹೊದಿಸಿದಂತೆ ಸಾಲುಸಾಲಾಗಿ ಒಡೆಯಿತು. ಒಂದೊಂದು ಹೆಂಚೂ ಒಂದು ಪತಂಗ. ಹಿಂದಿನದರ ತಲೆ ಮುಂದಿನದರ ರೆಕ್ಕೆಯಡಿಗೆ ಹೊಕ್ಕಿದೆ, ಅದರದ್ದು ಅದರ ಮುಂದಿನದರಡಿಗೆ. ಎಲ್ಲ ಒಂದೇ ದಿಕ್ಕಿಗೆ. ಯಾವುದೋ ಒಂದು ಸ್ವಲ್ಪ ಮಿಸುಕಿತು. ಆ ಮಿಸುಕು ಪಕ್ಕದ ನಾಲ್ಕಕ್ಕೆ ಹರಿದು ನಿಂತಿತು. ಇನ್ನೂರೋ ಮುನ್ನೂರೋ ಇದ್ದವು. ತುಂಬಿದ ಗುಹೆಗಳಲ್ಲಿ ಒಂದು ಚದರ ಮೀಟರಿಗೆ 17,000ದಷ್ಟು ಇರುತ್ತವಂತೆ. ಇಲ್ಲಿ ಇದ್ದದ್ದು ಹಿಡಿಯಷ್ಟು.

ಮುಖ ಹತ್ತಿರ ಒಯ್ದಾಗ ಮೂಗಿಗೆ ಬಂದ ವಾಸನೆ ನನಗೆ ಗೊತ್ತಿತ್ತು. ಮೊಟ್ಟೆ ತಯಾರಿಸುವ ಕೋಣೆಯ ವಾಸನೆ. ರೆಕ್ಕೆಯ ಹುರುಪೆ ಉದುರಿ ಗಾಳಿಯಲ್ಲಿ ತೇಲುವ ನಯವಾದ, ಒಣ ಹಿಟ್ಟಿನಂಥ, ಗಂಟಲಿಗೆ ಕೂರುವ ವಾಸನೆ. ಅಲ್ಲಿ ಕೆಲಸ ಮಾಡುವ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡೇ ಇರುತ್ತಿದ್ದರು. ಕೆಲವರಿಗೆ ಉಬ್ಬಸ ಹಿಡಿಯುತ್ತಿತ್ತು. ನನಗೂ ಕೆಮ್ಮು ಬಂತು, ಬಂಡೆಯಿಂದ ನಾಲ್ಕು ಹೆಜ್ಜೆ ದೂರ ಹೋಗಿ ಕೆಮ್ಮಿದೆ. ಚಳಿ ತಾಕಿತೇ ಎಂದು ಮಗಳು ಕೇಳಿದಳು. ಇಲ್ಲಮ್ಮ, ಆಫೀಸು ನೆನಪಾಯಿತು ಎಂದೆ.

ಟಿಕೆಟ್ಟಿನ ದುಡ್ಡು ಅಲ್ಲಿಗೆ ವಸೂಲಾಯಿತು.

ಇಬ್ಬರ ಸಂಬಂಧದ ವಿಷಯಕ್ಕೆ ಬರುತ್ತೇನೆ. ಪಾಸಮ್ ನಿದ್ದೆಯಿಂದ ಎದ್ದು ಮರಿಹಾಕುವ ಹೊತ್ತಿಗೆ ಸರಿಯಾಗಿ ಪತಂಗಗಳು ಬೆಟ್ಟ ತಲುಪುತ್ತವೆ. ಹಸಿದ ಬಾಣಂತಿಯ ಮನೆಬಾಗಿಲಿಗೆ ಕೊಬ್ಬಿನ ಪೊಟ್ಟಣಗಳು ಹಾರಿ ಬಂದು ಬೀಳುವ ಹಾಗೆ. ಹೆಣ್ಣಿನ ಹೊಟ್ಟೆಚೀಲದಲ್ಲಿ ನಾಲ್ಕೇ ಮೊಲೆ, ನಾಲ್ಕೇ ಮರಿ, ವರ್ಷಕ್ಕೆ ಒಂದೇ ಸೂಲು. 2017ರಿಂದ ಬಯಲಿನಲ್ಲಿ ಬರ ಬಿತ್ತು. ಹುಳುವಿಗೆ ಹಸುರಿಲ್ಲ. ಎರಡು ಬೇಸಿಗೆ ಗುಹೆಗಳು ಖಾಲಿ ಬಿದ್ದವು. ಕೋಟಿಗಟ್ಟಲೆ ಬರುತ್ತಿದ್ದ ಕಡೆ ಎಣಿಸಿದವರು ಹೇಳಿದ್ದು ಶೇ 99.5ರಷ್ಟು ಇಳಿಕೆ. ಆ ಬರದ ದಿನಗಳ ವಸಂತದಲ್ಲಿ ಸಂಶೋಧಕರು ಪಾಸಮ್‌ಗಳನ್ನು ಹಿಡಿದು ನೋಡಿದಾಗ ಚೀಲಗಳಲ್ಲಿ ಸತ್ತ ಮರಿಗಳಿದ್ದವು, ಅಥವಾ ಏನೂ ಇರಲಿಲ್ಲ. 2021ರಲ್ಲಿ ಪತಂಗವನ್ನು ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿಸಿದರು. ಮಳೆ ಬಂದ ಮೇಲೆ ಸ್ವಲ್ಪ ಚೇತರಿಸಿಕೊಂಡಿವೆ, ಹಿಂದಿನಷ್ಟಲ್ಲ.

2020ರ ಆರಂಭದ ಕಾಡ್ಗಿಚ್ಚಿನಲ್ಲಿ ಕೊಸಿಯಸ್ಕೊ ಕಡೆಯ ನೆಲೆ ಸುಟ್ಟಾಗ, ಮೆಲ್ಬರ್ನಿನ ಹತ್ತಿರದ ಹೀಲ್ಸ್‌ವಿಲ್ ಅಭಯಧಾಮದವರು ರೂಪಿಸಿದ್ದ ಬೋಗಾಂಗ್ ಬಿಸ್ಕತ್ತು ಉಪಯೋಗಕ್ಕೆ ಬಂತು. ಪತಂಗದಲ್ಲಿರುವಂಥ ಕೊಬ್ಬು, ಸಾರ ಎಲ್ಲ ಲೆಕ್ಕ ಹಾಕಿ ಬೇಯಿಸಿದ ಬಿಸ್ಕತ್ತು. ಮಾರ್ಗದರ್ಶಿ ಅದರ ಚಿತ್ರ ತೋರಿಸಿದಳು. ನಮ್ಮ ಮಧ್ಯಾಹ್ನದ ಪೊಟ್ಟಣಕ್ಕಿಂತ ಹೆಚ್ಚು ಯೋಚನೆ ಅದರಲ್ಲಿತ್ತು.

ಈ ಪತಂಗವನ್ನು ತಿನ್ನುತ್ತಿದ್ದದ್ದು ಪಾಸಮ್ ಒಂದೇ ಅಲ್ಲ. ಇಲ್ಲಿನ ಮೂಲನಿವಾಸಿ ಜನ ಬೇಸಿಗೆಯಲ್ಲಿ ಬೇರೆಬೇರೆ ನಾಡುಗಳಿಂದ ಬೆಟ್ಟಕ್ಕೆ ಬಂದು ಸೇರುತ್ತಿದ್ದರು, ಬಿಸಿ ಬೂದಿಯಲ್ಲಿ ಹುರಿದು ತಿನ್ನುತ್ತಿದ್ದರು, ಅರೆದು ರೊಟ್ಟಿ ತಟ್ಟುತ್ತಿದ್ದರು. ಗುನೈಕುರ್ನೈ ಜನರ ನಾಡಿನ ಕ್ಲಾಗ್ಸ್ ಗುಹೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಅರೆಯುವ ಕಲ್ಲಿನ ಮೇಲೆ ಪತಂಗದ ಸೂಕ್ಷ್ಮ ಚೂರುಗಳು ಕಂಡವು. ಆ ಕೂಟಗಳಲ್ಲಿ ಮದುವೆಯ ಮಾತುಕತೆ, ವ್ಯಾಪಾರ, ವ್ಯಾಜ್ಯ ಎಲ್ಲ ನಡೆಯುತ್ತಿತ್ತಂತೆ. ಕೇಳಿದಾಗ ನಮ್ಮ ಕಡೆಯ ದನದ ಜಾತ್ರೆ ಕಣ್ಣಮುಂದೆ ಬಂತು.

ಒಂದು ತಕರಾರು ಮಾರ್ಗದರ್ಶಿಯ ಮೇಲೂ ಇದೆ, ಚಿಕ್ಕದು. ಬಯಲಿನ ರೈತರ ಕೀಟನಾಶಕದ ಬಗ್ಗೆ ಆಕೆ ಮಾತಾಡಿದ ಧಾಟಿ ನನಗೆ ಸೇರಲಿಲ್ಲ. ಈ ಪತಂಗದ ಹುಳು ಸಾಮಾನ್ಯದ್ದಲ್ಲ. ರಾತ್ರಿ ಮಣ್ಣಿನಿಂದ ಎದ್ದು ಎಳೆ ಸಸಿಯನ್ನು ಬುಡದಲ್ಲೇ ಕತ್ತರಿಸಿ ಹಾಕುವ ಜಾತಿ. ಇದರ ದಾಯಾದಿ ಕೋಲಾರದ ಕಡೆ ಆಲೂಗಡ್ಡೆ, ಎಲೆಕೋಸಿಗೆ ಬೀಳುತ್ತದೆ. ಬೆಳಗ್ಗೆ ಎದ್ದು ಹೊಲಕ್ಕೆ ಹೋದರೆ ಸಾಲಿಗೆ ಸಾಲೇ ಮಲಗಿರುತ್ತದೆ. ಸಾಲ ಮಾಡಿ ಬಿತ್ತಿದವನಿಗೆ ಅದು ನಕ್ಷತ್ರ ನೋಡುತ್ತದೆ ಎಂದು ಹೇಳಿ ನೋಡಿ. ನಾನು ಇದನ್ನು ಹೇಳಿದಾಗ ಆಕೆ ಒಪ್ಪಿಕೊಂಡಳು. ಬರ, ಹೊಸ ಹೊಸ ನೀರಾವರಿ ಬೆಳೆ, ಔಷಧ, ಊರಿನ ದೀಪ ಎಲ್ಲ ಸೇರಿ ಆದದ್ದು, ಒಬ್ಬರ ತಲೆಗೆ ಕಟ್ಟುವಂಥದ್ದಲ್ಲ ಎಂದಳು. ಆಮೇಲೆ ಹುಳುವಿನ ಬಗ್ಗೆ ನನ್ನನ್ನೇ ಹತ್ತು ಪ್ರಶ್ನೆ ಕೇಳಿದಳು. ಜ್ವರಕ್ಕೆ ಹೋಗುವುದು (ಹುಳು ಮೇವು ಬಿಟ್ಟು ಪೊರೆ ಕಳಚುವುದು) ಎಂದರೇನು, ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುವುದು ಹೇಗೆ ಎಂದೆಲ್ಲ ಅಳಿಯನ ದ್ವಿಭಾಷಿ ಸೇವೆಯಲ್ಲಿ ವಿವರಿಸಿದೆ. ಅಳಿಯ ಬೆಂಗಳೂರಿನವರು, ಚಂದ್ರಿಕೆಗೆ ಅವರಿಗೆ ಇಂಗ್ಲಿಷೂ ಗೊತ್ತಿರಲಿಲ್ಲ, ಕನ್ನಡವೂ ಗೊತ್ತಿರಲಿಲ್ಲ.

ದೀಪದ ವಿಷಯ ಬಂತಲ್ಲ. ದಾರಿಯಲ್ಲಿ ಬೆಳಕು ಕಂಡರೆ ಈ ಪತಂಗ ಮೋಸಹೋಗುತ್ತದೆ. 1988ರಲ್ಲಿ ಕ್ಯಾನ್‌ಬೆರಾದ ಹೊಸ ಸಂಸತ್ ಭವನ ತೆರೆದಾಗ ಅದರ ದೀಪಗಳಿಗೆ ಮುತ್ತಿಕೊಂಡವು. ಸಿಡ್ನಿ ಒಲಿಂಪಿಕ್ಸಿನ ಕ್ರೀಡಾಂಗಣಕ್ಕೂ ನುಗ್ಗಿ, 2000ದ ಸಮಾರೋಪದಲ್ಲಿ ಹಾಡುತ್ತಿದ್ದ ಗಾಯಕಿ ಇವಾನ್ ಕೆನಿಯವರ ಉಡುಪಿನ ಮೇಲೇ ಒಂದು ಕುಳಿತಿತ್ತು. ಆಕೆ ಹಾಡು ನಿಲ್ಲಿಸಲಿಲ್ಲ.

ಕೊನೆಯಲ್ಲಿ ಅಂಗಡಿ. ನಡಿಗೆ ಮುಗಿಯುವುದು ಕಂಪನಿಯದೇ ಪುಟ್ಟ ಮಳಿಗೆಯಲ್ಲಿ. ಪಾಸಮ್ ಬೊಂಬೆ ಮೂರು ಗಾತ್ರದಲ್ಲಿ, ಪಾಸಮ್ ಬಟ್ಟಲು, ಪಾಸಮ್ ಕಾಲುಚೀಲ, ಪಾಸಮ್ ಅಂಗಿ. ದೊಡ್ಡ ಬೊಂಬೆಗೆ 38 ಡಾಲರ್, ಮೂರು ಕಿಲೋ ಗೂಡು. ಪತಂಗದ್ದು ಒಂದು ಅಂಚೆಕಾರ್ಡೂ ಇರಲಿಲ್ಲ. ಮೊಮ್ಮಗಳು ಕೇಳಿಯೇಬಿಟ್ಟಳು. ಅಂಗಡಿಯಾತ, ಕಂದು ಬಣ್ಣದ ಹುಳುವನ್ನು ಯಾರು ಕೊಳ್ಳುತ್ತಾರೆ ಎಂದು ನಕ್ಕ. ಅವಳು ಚಿಕ್ಕ ಪಾಸಮ್ ತೆಗೆದುಕೊಂಡಳು. ವ್ಯಾನಿನಲ್ಲಿ ಕುಳಿತು, "ತಾತ, ಈಗ ಇದಕ್ಕೆ ಊಟ ಯಾರು ಕೊಡುತ್ತಾರೆ?" ಎಂದಳು.

ಇನ್ನು ಅಂಕ. ಮಾರ್ಗದರ್ಶಿಗೆ ಐದಕ್ಕೆ ಐದು. ವ್ಯಾನಿಗೆ ಎರಡು. ಊಟಕ್ಕೆ ಒಂದು, ಅದೂ ನೀರಿನ ಬಾಟಲಿ ಇತ್ತೆಂದು. ಪಾಸಮ್‌ಗೆ ಅಂಕ ಕೊಡುವುದು ನ್ಯಾಯವಲ್ಲ, ಅದು ಮಲಗಿತ್ತು. ಚೆಲುವು, ಚರಿತ್ರೆ ಎರಡರಲ್ಲೂ ಅದೇ ಮುಂದು. ಹೆಣ್ಣು ಹನ್ನೆರಡು ವರ್ಷದವರೆಗೂ ಬದುಕುತ್ತದೆ, ಪತಂಗದ ಆಯುಸ್ಸು ಒಂದು ವರ್ಷದ ಒಳಗೇ. ಆದರೂ ಒಬ್ಬರನ್ನು ನೋಡಲು ಮಾತ್ರ ದುಡ್ಡಿದೆ ಎಂದರೆ ನಾನು ಪತಂಗದ ಬಂಡೆಗೇ ಹೋಗುತ್ತೇನೆ. ಕಂಪನಿಗೆ ಒಟ್ಟು ಮೂರು ನಕ್ಷತ್ರ ಕೊಟ್ಟೆ. ಮರುದಿನವೇ ಉತ್ತರ ಬಂತು: ಪಾಸಮ್ ಕಾಣದ್ದಕ್ಕೆ ವಿಷಾದ, ಮುಂದಿನ ಸಲ ಶೇ 20 ರಿಯಾಯಿತಿ. ನನ್ನ ದೂರು ವ್ಯಾನು ಮತ್ತು ಬ್ರೆಡ್ಡಿನ ಮೇಲೆಯೇ ಹೊರತು ಪಾಸಮ್ಮಿನ ಮೇಲಲ್ಲ ಎಂದು ಮತ್ತೆ ಬರೆದೆ. ಅದಕ್ಕೂ ಅದೇ ಉತ್ತರ ಬಂತು.

ಹೋಗುವವರಿಗೆ ಎರಡು ಮಾತು. ಜನವರಿಯಾದರೂ ಸ್ವೆಟರು, ಕಿವಿ ಮುಚ್ಚುವ ಟೋಪಿ ಬೇಕು. ಮಂಡಿನೋವು ಇದ್ದವರಿಗೆ ಇಳಿಯುವಾಗ ಕೋಲು ಬೇಕು, ಕಂಪನಿ ಕೊಡುವುದಿಲ್ಲ. ಊಟ ಮನೆಯಿಂದ. ಉಬ್ಬಸವಿರುವವರು ಸೀಳಿಗೆ ಮುಖ ಕೊಡಬೇಡಿ.

ವಿಕ್ಟೋರಿಯದ ಮೃಗಾಲಯಗಳ ಸಂಸ್ಥೆಯವರು ಮಾತ್ ಟ್ರ್ಯಾಕರ್ ಎಂಬ ಜಾಲತಾಣ ನಡೆಸುತ್ತಾರೆ. ಪತಂಗ ಕಂಡರೆ ಚಿತ್ರ ತೆಗೆದು, ಜಾಗ, ದಿನ ಬರೆದು ಕಳಿಸಬಹುದು. ದುಡ್ಡಿಲ್ಲ. ಅರವತ್ತಮೂರು ವರ್ಷದ ನನಗೇ ಬಳಸಲು ಬಂತು. ಅವರದೇ ಇನ್ನೊಂದು ಕೋರಿಕೆ, ಪತಂಗ ಹಾರುವ ದಿನಗಳಲ್ಲಿ ಹೊರಗಿನ ಬೇಡದ ದೀಪ ಆರಿಸಿ ಎಂಬುದು. ನಮ್ಮ ಬಾಲ್ಕನಿಯ ದೀಪವನ್ನು ಮೊಮ್ಮಗಳು ಅಂದಿನಿಂದ ಹಾಕಗೊಡುವುದಿಲ್ಲ. ಅಳಿಯ ಎರಡು ಸಲ ಶೂ ಎಡವಿದ್ದಾರೆ.

ಕಳೆದ ವಾರ ರಾತ್ರಿ ಅಡುಗೆಮನೆಯ ಕಿಟಕಿಯ ಬಲೆಯ ಮೇಲೆ ಕಂದು ಬಣ್ಣದ್ದೊಂದು ಕುಳಿತಿತ್ತು. ಹಿಂದಿರುಗುವ ಕಾಲ ಇದೇ ಎಂದು ನನಗೆ ಒಂದೇ ಆಸೆ. ಚಿತ್ರ ಹಿಗ್ಗಿಸಿ ನೋಡಿದೆವು. ಮಸಿ ಪಟ್ಟಿ ಇದೆಯೆಂದು ನಾನು, ಎರಡನೇ ಚುಕ್ಕೆ ಎಲ್ಲಿ ಎಂದು ಅವಳು. ಹತ್ತು ನಿಮಿಷ ವಾದ ಮಾಡಿ, ಹಾಗೇ ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಬೆಳಗ್ಗೆ ನೋಡಿದರೆ ಬಲೆ ಖಾಲಿ. ಬೆರಳಾಡಿಸಿದೆ, ಒಂದಿಷ್ಟು ಪುಡಿ ಅಂಟಿತು.